ಗಾಂಡೀವ ಜಾರುವ ಹೊತ್ತು



ಮಾರ್ಗಶಿರ ಶುದ್ಧ ಏಕಾದಶಿಯು ಗೀತಾಜಯಂತಿಯೆಂದು ಸರ್ವತ್ರ ಪ್ರಸಿದ್ಧವಾಗಿದೆ. ಆ ನಿಮಿತ್ತ ನಡೆಯುವ ಪ್ರವಚನಗಳಲ್ಲಿ ಒಂದು ರೂಢಿ ಬೆಳೆದುಬಂದಿದೆ. ಮೊದಲನೆಯ ಅಧ್ಯಾಯವನ್ನು ಒಂದು ಸಂಜೆಯಲ್ಲಿ, ಕೆಲವೊಮ್ಮೆ ಅರ್ಧ ಸಂಜೆಯಲ್ಲಿಯೇ ಮುಗಿಸಿ, ಆತ್ಮನ ನಿತ್ಯತ್ವವನ್ನು ಬೋಧಿಸುವ ಎರಡನೆಯ ಅಧ್ಯಾಯಕ್ಕೆ ಪ್ರವಚನಕಾರರು ಧಾವಿಸುವರು. ಶ್ರೋತೃಗಳ ಅಪೇಕ್ಷೆಯೂ ಅದೇ. ಸೈನ್ಯಗಳ ವರ್ಣನೆ, ಶಂಖಗಳ ಹೆಸರು, ಅನಂತರ ಅರ್ಜುನನ ಗೋಳು, ಇದರಲ್ಲಿ ತತ್ತ್ವವೇನಿದೆ ಎಂಬ ಭಾವನೆ. ಆದರೆ ಆ ಅಧ್ಯಾಯಕ್ಕೆ ಹಿರಿಯರು ಅರ್ಜುನವಿಷಾದಯೋಗವೆಂದು ಹೆಸರಿಟ್ಟರು. ವಿಷಾದಕ್ಕೂ ಯೋಗವೆಂಬ ಪದವನ್ನು ಜೋಡಿಸಿದ ಪರಂಪರೆಯಲ್ಲಿ ಹುಟ್ಟಿದ ನಾವು, ನಮ್ಮ ಮನೆಯಲ್ಲಿಯೇ ವಿಷಾದ ತಲೆದೋರಿದಾಗ ಅದನ್ನು ಅವಮಾನವೆಂದು ಬಗೆದು ಬಾಗಿಲು ಮುಚ್ಚಿಕೊಳ್ಳುತ್ತೇವೆ. ಮನಸ್ಸಿನ ಭಾರವು ಯಾವ ಹಂತವನ್ನು ಮುಟ್ಟಿದಾಗ ಅದನ್ನು ಬಲ್ಲವರ ಮುಂದೆ ಇಳಿಸತಕ್ಕದ್ದು ಎಂಬ ವಿಚಾರವನ್ನು ಈ ಸಂಚಿಕೆಯಲ್ಲಿ ಸಜ್ಜನರ ಮುಂದಿಡಬೇಕೆಂದು ಸಂಕಲ್ಪಿಸಿದ್ದೇವೆ.

ಅರ್ಜುನನು ಅಂಜುಬುರುಕನಲ್ಲ. ಖಾಂಡವದಹನದಲ್ಲಿ ಅಗ್ನಿಯ ಮೂಲಕ ಗಾಂಡೀವವನ್ನು ಪಡೆದವನು, ವಿರಾಟನಗರದ ಗೋಗ್ರಹಣದಲ್ಲಿ ಕೌರವಸೇನೆಯನ್ನು ಏಕಾಂಗಿಯಾಗಿ ಎದುರಿಸಿದವನು. ಅಂತಹವನು ಎರಡು ಸೈನ್ಯಗಳ ನಡುವೆ ರಥ ನಿಂತಾಗ ಮೊಟ್ಟಮೊದಲು ಹೇಳಿದ್ದು ಧರ್ಮದ ವಿಚಾರವನ್ನಲ್ಲ, ತನ್ನ ಮೈಯ ಸುದ್ದಿಯನ್ನು. ಕೈಕಾಲು ಸೋತದ್ದು, ಬಾಯಿ ಒಣಗಿದ್ದು, ಶರೀರ ನಡುಗಿದ್ದು, ಚರ್ಮ ಉರಿದದ್ದು, ನಿಲ್ಲಲಾರದಂತಾದದ್ದು, ಮನಸ್ಸು ಸುತ್ತಿದ್ದು, ಇವೆಲ್ಲವನ್ನೂ ವೈದ್ಯನ ಮುಂದೆ ಕುಳಿತ ರೋಗಿಯಂತೆ ಒಂದೊಂದಾಗಿ ಹೇಳಿಕೊಂಡನು. ಕುಲಧರ್ಮ, ಪಿತೃಗಳು, ನರಕ ಎಂಬ ವಾದಸರಣಿ ಬಂದದ್ದು ಅನಂತರ. ಈ ಕ್ರಮವನ್ನು ಗಮನಿಸತಕ್ಕದ್ದು. ಮನಸ್ಸು ಬಳಲಿದಾಗ ದೇಹವು ಮೊದಲು ಮಾತನಾಡುತ್ತದೆ. ಆ ಬಳಲಿಕೆಗೆ ಕಾರಣಗಳನ್ನು ಬುದ್ಧಿಯು ಆಮೇಲೆ ಹೊಂದಿಸಿಕೊಡುತ್ತದೆ. ಆ ಕಾರಣಗಳು ಕೇಳುವುದಕ್ಕೆ ಬಹಳ ಯುಕ್ತಿಯುಕ್ತವಾಗಿಯೂ ಇರುವುದುಂಟು.

ಆ ಲಕ್ಷಣಗಳಲ್ಲೆಲ್ಲ ಮುಖ್ಯವಾದುದು ಗಾಂಡೀವವು ಕೈಯಿಂದ ಜಾರಿದ್ದು. ವರ್ಷಾನುಗಟ್ಟಲೆ ಹಿಡಿದ ಬಿಲ್ಲು ಅದು. ನಿದ್ರೆಯಲ್ಲಿಯೂ ಹಿಡಿಯಬಲ್ಲವನ ಕೈಯಿಂದ ಅದು ಜಾರಿತೆಂದರೆ ಒಳಗೆ ಏನೋ ಮುರಿಯುತ್ತಿದೆಯೆಂದೇ ಅರ್ಥ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಗಾಂಡೀವವಿದೆ. ಮೂವತ್ತು ವರ್ಷ ಒಗ್ಗರಣೆ ಹಾಕಿದ ಗೃಹಿಣಿಯು ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ನಿಂತು ಯೋಚಿಸುವಳು. ಲೆಕ್ಕಪತ್ರದಲ್ಲಿ ತಲೆ ನರೆತ ಗುಮಾಸ್ತರು ಒಂದೇ ಪುಟದ ಮುಂದೆ ಮಧ್ಯಾಹ್ನವೆಲ್ಲ ಕುಳಿತಿರುವರು. ತರಗತಿಗೆ ಮೊದಲಿಗನಾಗಿದ್ದ ಹುಡುಗನು ಪುಸ್ತಕ ತೆರೆದಿಟ್ಟುಕೊಂಡು ಗೋಡೆಯನ್ನು ನೋಡುವನು. ಅಷ್ಟೋತ್ತರವನ್ನು ಉಸಿರಿನಂತೆ ಹೇಳುತ್ತಿದ್ದ ಅರ್ಚಕರು ನಡುವೆ ತಡವರಿಸುವರು. ಒಂದು ದಿನ ಹೀಗಾದರೆ ಅದು ಆಯಾಸ. ದಿನದಿನವೂ ಹೀಗೆಯೇ ಆಗುತ್ತಿದ್ದರೆ ಗಾಂಡೀವ ಜಾರುತ್ತಿದೆಯೆಂದು ತಿಳಿಯಬೇಕು.

ನಮ್ಮ ಉಪ್ಪಾರಹಳ್ಳಿಯು ಹೆಸರಿಗೆ ಮಾತ್ರ ಹಳ್ಳಿ; ತುಮಕೂರು ನಗರದೊಳಗೆ ಎಂದೋ ಸೇರಿಹೋದ ಬಡಾವಣೆ. ಬೆಳಗಿನ ರೈಲು ಹಿಡಿದು ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿಗೆ ಹೋಗಿ, ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಮನೆ ಸೇರುವ ನೌಕರರು ಇಲ್ಲಿದ್ದಾರೆ. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಿಂದ ಬಂದು ಕೊಠಡಿ ಹಿಡಿದು ಓದುವ ಮಕ್ಕಳಿದ್ದಾರೆ. ಆ ಮಕ್ಕಳ ಶುಲ್ಕಕ್ಕಾಗಿ ತೋಟದ ಮೇಲೆ ಸಾಲವೆತ್ತಿ, ಕೊಳವೆಬಾವಿ ಬತ್ತಿದ ಮೇಲೆ ಅಡಿಕೆಯ ಹೊಂಬಾಳೆಯನ್ನೇ ನೋಡುತ್ತ ಕುಳಿತ ತಂದೆಯರಿದ್ದಾರೆ. ಮಕ್ಕಳು ಅಮೆರಿಕೆಯಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ವೃದ್ಧ ದಂಪತಿಗಳಿದ್ದಾರೆ. ಇವರೆಲ್ಲರಿಗೂ ಒತ್ತಡವೆಂಬುದು ದಿನನಿತ್ಯದ ಮಾತು. ಒತ್ತಡವಿದ್ದ ಮಾತ್ರಕ್ಕೆ ಯಾರೂ ರೋಗಿಗಳಾಗುವುದಿಲ್ಲ. ಹೊರೆಯಿಲ್ಲದ ಸಂಸಾರವನ್ನು ಭಗವಂತನು ಸೃಷ್ಟಿಸಿಲ್ಲ. ಆದಕಾರಣ ಯಾವುದು ಹೊರೆ, ಯಾವುದು ವ್ಯಾಧಿ ಎಂಬ ವಿವೇಕವು ಅವಶ್ಯವಾಗುತ್ತದೆ.

ವಿವೇಕಕ್ಕೆ ಮೊದಲನೆಯ ಅಳತೆಗೋಲು ಕಾಲ. ದುಃಖಕ್ಕೆ ಕಾಲದ ಮಿತಿಯನ್ನು ನಮ್ಮ ಪೂರ್ವಜರು ಬಹಳ ಜಾಣತನದಿಂದ ಏರ್ಪಡಿಸಿದ್ದರು. ಹತ್ತು ದಿನಗಳ ಆಶೌಚ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ತಿಂಗಳು ತಿಂಗಳಿನ ಮಾಸಿಕ, ವರ್ಷದ ಕೊನೆಗೆ ಆಬ್ದಿಕ. ಅಳುವವನನ್ನು ಒಂದೇ ದಿನದಲ್ಲಿ ಎಬ್ಬಿಸುವುದಿಲ್ಲ. ಹಾಗೆಂದು ಮೂಲೆಯಲ್ಲಿಯೇ ಕೂರಲು ಬಿಡುವುದೂ ಇಲ್ಲ. ಒಂದೊಂದು ಕರ್ಮದ ನೆಪದಲ್ಲಿ ನಾಲ್ಕು ಜನ ಮನೆಗೆ ಬರುವರು, ಅವನು ಎದ್ದು ಸ್ನಾನ ಮಾಡುವನು, ನಾಲ್ಕು ಮಾತನಾಡುವನು. ಪ್ರಾಯಶಃ ಬಹುಮಂದಿಯ ಶೋಕ ಈ ದಾರಿಯಲ್ಲಿಯೇ ಇಳಿಯುತ್ತದೆ. ಆದರೆ ಮಾಸಿಕಗಳೆಲ್ಲ ಮುಗಿದು ವರ್ಷ ಕಳೆದರೂ ಪತ್ನಿಯ ಸೀರೆಯ ಪೆಟ್ಟಿಗೆಯ ಮುಂದಿನಿಂದ ಏಳಲಾರದ ಹಿರಿಯರನ್ನು ನಾವು ಕಂಡಿದ್ದೇವೆ. ಅದು ಬರಿಯ ಪ್ರೀತಿಯೆಂದು ಮೆಚ್ಚಿ ಸುಮ್ಮನಿರತಕ್ಕ ವಿಷಯವಲ್ಲ.

ಮರಣವಾಗಲಿ ಬೇರೆ ಹೇಳಿಕೊಳ್ಳುವ ಕಾರಣವಾಗಲಿ ಇಲ್ಲದೆ ಬರುವ ಖಿನ್ನತೆಗೆ ವೈದ್ಯಶಾಸ್ತ್ರವು ಇನ್ನೂ ಚಿಕ್ಕ ಗಡುವನ್ನು ಹಾಕಿದೆ. ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲಿಯೂ ರುಚಿಯಿಲ್ಲದಿರುವುದು, ಇದರೊಡನೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆಗಳು ಕೆಡುವುದು, ಈ ಸ್ಥಿತಿಯು ಎರಡು ವಾರ ಬಿಡದೆ ನಿಂತರೆ ತಿಳಿದವರಲ್ಲಿಗೆ ಹೋಗತಕ್ಕದ್ದು. ನಿದ್ರೆಯ ವಿಷಯದಲ್ಲಿ ನಮ್ಮವರಿಗೆ ಒಂದು ಭ್ರಾಂತಿಯಿದೆ. ಮನೆಯ ಯಜಮಾನರು ಮೂರು ಗಂಟೆಗೇ ಏಳುತ್ತಾರೆ ಎಂದು ಮನೆಯವರು ಹೆಮ್ಮೆಯಿಂದ ಹೇಳುವರು. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಲವಲವಿಕೆಯಿಂದ ಸ್ನಾನಾಹ್ನಿಕಗಳನ್ನು ನಡೆಸುವುದು ಬೇರೆ. ಮೂರು ಗಂಟೆಗೆ ಎಚ್ಚರವಾಗಿ, ಮತ್ತೆ ನಿದ್ರೆ ಬಾರದೆ, ಇನ್ನೊಂದು ದಿನವನ್ನು ಹೇಗೆ ಕಳೆಯುವುದೆಂದು ಕತ್ತಲೆಯಲ್ಲಿ ಕಣ್ಣು ಬಿಟ್ಟು ಮಲಗಿರುವುದು ಬೇರೆ. ಎರಡನೆಯದು ತಪಸ್ಸಲ್ಲ; ಖಿನ್ನತೆಯ ಪ್ರಸಿದ್ಧ ಲಕ್ಷಣಗಳಲ್ಲಿ ಒಂದು.

ಖಿನ್ನತೆಯು ಯಾವಾಗಲೂ ಅಳುವಿನ ರೂಪದಲ್ಲಿಯೇ ಬರಬೇಕೆಂದಿಲ್ಲ. ಗಂಡಸರಲ್ಲಿ ಅದು ಅನೇಕ ವೇಳೆ ಸಿಡುಕಾಗಿ ಬರುತ್ತದೆ. ತಟ್ಟೆ ಸರಿಸಿ ಎದ್ದುಹೋಗುವುದು, ಮಗುವಿನ ಮೇಲೆ ಕೈಮಾಡುವುದು, ಕದ್ದು ಕುಡಿಯಲಾರಂಭಿಸುವುದು. ಹೆಂಗಸರಲ್ಲಿ ತಲೆನೋವು, ಎದೆಯುರಿ, ಸೊಂಟದ ನೋವು ಎಂದು ಆರಂಭವಾಗಿ ಎಲ್ಲ ಪರೀಕ್ಷೆಗಳೂ ಸರಿಯಾಗಿವೆಯೆಂದು ಚೀಟಿ ಬಂದಮೇಲೂ ನೋವು ಹೋಗುವುದಿಲ್ಲ. ಆಗ ಮನೆಯವರು ನಾಟಕವೆನ್ನುವರು. ನೋವು ನಾಟಕವಲ್ಲ, ಅದರ ಬೇರು ಬೇರೆಡೆಯಲ್ಲಿದೆ ಅಷ್ಟೆ. ಬಾಣಂತಿಯರ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಮಗುವಿನ ಮುಖ ನೋಡಿ ನಗದ, ಕಾರಣವಿಲ್ಲದೆ ಅಳುವ, ತಾನು ಮಗುವಿಗೆ ಕೆಡುಕು ಮಾಡಿಬಿಡುವೆನೋ ಎಂದು ಹೆದರುವ ಬಾಣಂತಿಗೆ ದೃಷ್ಟಿ ತೆಗೆದು ಸುಮ್ಮನಾಗುವುದು ಅಪಾಯಕರ.

ಇನ್ನೊಂದು ವಿಷಯವನ್ನು ನಮ್ಮ ಸಮಾಜಕ್ಕೆ ಬಿಚ್ಚಿ ಹೇಳಬೇಕಾಗಿದೆ. ಅದು ಮಡಿಯ ವಿಷಯ. ಮಡಿ, ಶೌಚ, ಆಚಾರಗಳು ಸಾಧನೆಯ ಅಂಗಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೆಲವು ಮನೆಗಳಲ್ಲಿ ಆಚಾರದ ವೇಷದಲ್ಲಿ ಒಂದು ವ್ಯಾಧಿಯು ನೆಲೆಸಿರುತ್ತದೆ. ಕೈಯನ್ನು ನಲವತ್ತು ಸಲ ತೊಳೆದರೂ ಶುದ್ಧವಾಯಿತೆನಿಸುವುದಿಲ್ಲ. ಒಣಹಾಕಿದ ಮಡಿಬಟ್ಟೆಯನ್ನು ಕಾಗೆ ಮುಟ್ಟಿತೋ ಎಂದು ಮತ್ತೆ ಮತ್ತೆ ಹಿಂಡುವರು. ನೂರೆಂಟು ಜಪದ ಎಣಿಕೆ ತಪ್ಪಿತೆಂಬ ಶಂಕೆಯಿಂದ ಮೊದಲಿನಿಂದ ಆರಂಭಿಸಿ ಮಧ್ಯಾಹ್ನದ ಊಟವನ್ನು ಸಂಜೆಗೆ ತಂದುನಿಲ್ಲಿಸುವರು. ಅಂಗೈಯ ಚರ್ಮ ಸುಲಿದು ರಕ್ತ ಒಸರುವುದೂ ಉಂಟು. ಇದನ್ನು ಗೀಳುರೋಗವೆಂದು ಕರೆಯುವರು. ಎರಡಕ್ಕೂ ಭೇದವನ್ನು ತಿಳಿಯುವುದು ಕಷ್ಟವೇನಲ್ಲ. ಆಚಾರಕ್ಕೆ ಮುಕ್ತಾಯವಿದೆ, ಆಚಮನ ಮುಗಿದೊಡನೆ ಮನಸ್ಸು ಮುಂದಿನ ಕರ್ಮಕ್ಕೆ ಹೋಗುತ್ತದೆ, ಸಮಾಧಾನವೂ ಆಗುತ್ತದೆ. ಗೀಳಿಗೆ ಮುಕ್ತಾಯವೂ ಇಲ್ಲ, ಸಮಾಧಾನವೂ ಇಲ್ಲ. ಇಂತಹವರನ್ನು ಮಹಾಮಡಿಯವರೆಂದು ಹೊಗಳುವವರೂ ತಪ್ಪುತ್ತಾರೆ, ಹುಚ್ಚುಮಡಿಯೆಂದು ನಗುವವರೂ ತಪ್ಪುತ್ತಾರೆ. ಇದಕ್ಕೆ ಫಲಕಾರಿಯಾದ ಔಷಧವೂ ಇದೆ, ಶಂಕೆ ಬಂದರೂ ತೊಳೆಯದೆ ತಡೆದು ನಿಲ್ಲುವುದನ್ನು ಮೆಲ್ಲಮೆಲ್ಲನೆ ಕಲಿಸುವ ಕ್ರಮವಾದ ಅಭ್ಯಾಸವೂ ಇದೆ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುವುದು. ಶ್ರೀಹರಿಯಲ್ಲಿ ದೃಢವಾದ ಭಕ್ತಿಯಿದ್ದವನಿಗೆ ಮನೋವ್ಯಾಧಿ ಏಕೆ? ಪಾರಾಯಣ, ಸೇವೆ, ಪ್ರದಕ್ಷಿಣೆಗಳಿಂದ ಹೋಗದ ಕ್ಲೇಶವು ಅಪರಿಚಿತನಾದ ಸಮಾಲೋಚಕನ ಮಾತಿನಿಂದ ಹೋಗುವುದೇ? ಈ ಆಕ್ಷೇಪವು ಭಕ್ತಿಯಿಂದಲೇ ಹುಟ್ಟಿದ್ದರೂ ಸಿದ್ಧಾಂತಕ್ಕೆ ಒಪ್ಪುವುದಿಲ್ಲ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಭಾಗಿಸಿದರು. ಸ್ವತಂತ್ರನು ಶ್ರೀವಿಷ್ಣುವೊಬ್ಬನೇ. ನಾವೆಲ್ಲರೂ ಪರಾಧೀನರು. ನಾನು ಯಾರ ಸಹಾಯವೂ ಇಲ್ಲದೆ ನನ್ನ ಮನಸ್ಸನ್ನು ನಾನೇ ಸರಿಪಡಿಸಿಕೊಳ್ಳಬಲ್ಲೆನೆಂಬ ಹಟದಲ್ಲಿ ಭಕ್ತಿಗಿಂತ ಸ್ವಾತಂತ್ರ್ಯದ ಅಭಿಮಾನವೇ ಹೆಚ್ಚಾಗಿ ಅಡಗಿರುತ್ತದೆ. ಕಣ್ಣಿಗೆ ಪೊರೆ ಬಂದಾಗ ವೈದ್ಯನಲ್ಲಿಗೆ ಹೋಗುವುದು ಭಕ್ತಿಗೆ ಕುಂದಲ್ಲವಾದರೆ, ಮನಸ್ಸಿಗೆ ಪೊರೆ ಬಂದಾಗ ಹೋಗುವುದು ಹೇಗೆ ಕುಂದಾದೀತು? ಮನಸ್ಸೂ ಒಂದು ಇಂದ್ರಿಯವೇ.

ಪ್ರಾಚೀನ ವೈದ್ಯವೂ ಇದೇ ದಾರಿಯಲ್ಲಿದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯನ್ನು ಮೂರು ವಿಧವಾಗಿ ಹೇಳಿದೆ. ಮಂತ್ರ, ಹೋಮ, ಉಪವಾಸಾದಿಗಳ ದೈವವ್ಯಪಾಶ್ರಯ. ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಗೆಯುವ ಸತ್ತ್ವಾವಜಯ. ಒಂದನ್ನು ಹಿಡಿದವನು ಉಳಿದೆರಡನ್ನು ಬಿಡಬೇಕೆಂದು ಅಲ್ಲಿ ಹೇಳಿಲ್ಲ. ಇಂದಿನ ಆಪ್ತಸಮಾಲೋಚನೆಯು ಮೂರನೆಯದಕ್ಕೆ ಹತ್ತಿರದ ಸಂಬಂಧಿ ಎನ್ನಬಹುದು.

ದಾಸಸಾಹಿತ್ಯವನ್ನು ಬಲ್ಲವರಿಗೆ ಶ್ರೀ ಜಗನ್ನಾಥದಾಸರ ಪೂರ್ವವೃತ್ತಾಂತವು ತಿಳಿದೇ ಇದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದಲ್ಲಿ ಮಹಾಪಂಡಿತರು. ಕನ್ನಡ ಪದಗಳನ್ನು ಹಾಡುವ ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತುಮೀರಿ ಉಂಡರೆ ಹೊಟ್ಟೆನೋವು ಬರುವುದೆಂಬ ನೆಪವೊಡ್ಡಿ ಅವರು ಹೋಗಲಿಲ್ಲ. ಮುಂದೆ ನೋವು ನಿಜವಾಗಿಯೇ ಬಂದು ಪ್ರಾಣಕ್ಕೆ ಕುತ್ತಾಯಿತು. ದೇವಸನ್ನಿಧಿಯಲ್ಲಿ ಸೇವೆ ಮಾಡಿದರು. ಆ ಸೇವೆಗೆ ದೊರೆತ ಉತ್ತರವೇನು? ನೋವು ಅಲ್ಲಿಯೇ ಮಾಯವಾಗಲಿಲ್ಲ. ವಿಜಯದಾಸರಲ್ಲಿಗೆ ಹೋಗೆಂಬ ಆದೇಶವಾಯಿತು. ವಿಜಯದಾಸರು ತಾವೇ ಗುಣಪಡಿಸದೆ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯ. ಹಾಗೆ ಉಳಿದ ಜೀವದಿಂದ ನಮಗೆ ಹರಿಕಥಾಮೃತಸಾರವು ದೊರೆಯಿತು. ಈ ಕಥೆಯಲ್ಲಿ ಸಾಮಾನ್ಯವಾಗಿ ಗರ್ವಭಂಗವನ್ನೇ ಎತ್ತಿ ಹೇಳುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ತೋರುವುದು ಬೇರೆ. ಪ್ರಾರ್ಥನೆಯು ವ್ಯರ್ಥವಾಗಲಿಲ್ಲ, ಅದರ ಫಲವು ಒಬ್ಬ ಮನುಷ್ಯನ ಮನೆಯ ದಾರಿಯಾಗಿ ಬಂದಿತು. ಪ್ರದಕ್ಷಿಣೆ ಮಾಡುತ್ತಿರುವ ತಾಯಿಗೆ ಪಕ್ಕದವರು ಒಂದು ಸಲ ಡಾಕ್ಟರಿಗೆ ತೋರಿಸಿಯಮ್ಮಾ ಎಂದರೆ, ಅದೇ ಪ್ರಸಾದವಾಗಿರಬಾರದೇಕೆ?

ಜ್ಯೋತಿಷ್ಯದ ಕುರಿತು ಒಂದು ಮಾತು. ಸಾಡೇಸಾತಿಯೆಂದು ಏಳೂವರೆ ವರ್ಷ ಕಾಯುವಂತೆ ಹೇಳುವವರಿಗಿಂತ, ಶಾಂತಿಯನ್ನೂ ಮಾಡಿಸಿ, ಈ ವಾರದಲ್ಲಿಯೇ ವೈದ್ಯರನ್ನೂ ಕಾಣಿ ಎನ್ನುವವರೇ ನಿಜವಾದ ದೈವಜ್ಞರೆಂದು ನಮ್ಮ ಅಭಿಪ್ರಾಯ.

ಧೈರ್ಯ ಹೇಳುವುದರ ಮಿತಿಯನ್ನೂ ಗೀತೆಯೇ ತೋರಿಸಿಕೊಟ್ಟಿದೆ. ಅರ್ಜುನನು ದುಃಖವನ್ನು ತೋಡಿಕೊಳ್ಳುತ್ತಿರುವಾಗ ಮೊದಲನೆಯ ಅಧ್ಯಾಯದ ಅಂತ್ಯದವರೆಗೆ ಭಗವಂತನು ನಡುವೆ ಬಾಯಿ ಹಾಕಲೇ ಇಲ್ಲ. ಸರ್ವಜ್ಞನಿಗೆ ಕೇಳಿ ತಿಳಿಯಬೇಕಾದುದೇನೂ ಇರಲಿಲ್ಲ, ಆದರೂ ಕೇಳಿದನು. ಎರಡನೆಯ ಅಧ್ಯಾಯದ ಆರಂಭದಲ್ಲಿ, ಈ ದೌರ್ಬಲ್ಯ ನಿನಗೆ ತಕ್ಕುದಲ್ಲ, ಏಳು ಎಂದು ಎರಡು ಶ್ಲೋಕಗಳಲ್ಲಿ ಗದರಿಸಿದನು. ನಮ್ಮ ಮನೆಗಳಲ್ಲಿ ಎಲ್ಲರೂ ಹೇಳುವ ಮಾತೂ ಅದೇ: ಧೈರ್ಯ ತಂದುಕೊಳ್ಳಪ್ಪ, ನಿನಗೇನು ಕಡಿಮೆಯಾಗಿದೆ? ಆ ಗದರಿಕೆಯಿಂದ ಅರ್ಜುನನು ಏಳಲಿಲ್ಲ. ಮತ್ತೆ ಭೀಷ್ಮ ದ್ರೋಣರ ಮಾತನ್ನೇ ಎತ್ತಿದನು, ಇಂದ್ರಿಯಗಳನ್ನು ಒಣಗಿಸುವ ಶೋಕವನ್ನು ಹೇಳಿಕೊಂಡನು, ಶಿಷ್ಯನಾಗಿ ಶರಣಾದನು, ಆಮೇಲೆ ಮೌನವಾದನು. ಅನಂತರವೇ ಭಗವಂತನು ನಸುನಗುತ್ತ ಉಪದೇಶಕ್ಕೆ ತೊಡಗಿ ಹದಿನೆಂಟನೆಯ ಅಧ್ಯಾಯದವರೆಗೆ ಬಿಡದೆ ನಡೆಸಿದನು. ಭಗವಂತನ ಮಾತು ಮೊದಲು ಸೋತಿತೆಂದು ಯಾರೂ ಭಾವಿಸತಕ್ಕದ್ದಲ್ಲ. ಗದರಿಕೆಯೊಂದರಿಂದ ವಿಷಾದ ಹೋಗುವುದಿಲ್ಲವೆಂದು ಲೋಕಕ್ಕೆ ತೋರಿಸುವುದಕ್ಕಾಗಿಯೇ ಆ ಕ್ರಮವೆಂದು ತಿಳಿಯುವುದು ಯುಕ್ತ. ಸಾಕ್ಷಾತ್ ಶ್ರೀಕೃಷ್ಣನೇ ಕೇಳಿ, ಕಾದು, ವಿಸ್ತಾರವಾಗಿ ತಿಳಿಯಹೇಳಿದನೆಂದಮೇಲೆ, ಒಂದೇ ಮಾತಿನಿಂದ ಮಗನ ಖಿನ್ನತೆಯನ್ನು ಓಡಿಸುವೆವೆಂದು ನಾವು ಹೊರಡುವುದು ಉಚಿತವಲ್ಲ. ಅರ್ಜುನನು ಕೇಳಿಕೊಂಡ ಕಾಲವನ್ನೂ ನೋಡಬೇಕು. ಇನ್ನೂ ಬಾಣ ಹಾರಿರಲಿಲ್ಲ. ಬಿಲ್ಲು ಜಾರುತ್ತಿದೆಯೆಂದು ಗೊತ್ತಾದ ಕ್ಷಣದಲ್ಲಿಯೇ ಬಾಯಿ ಬಿಟ್ಟನು.

ಇನ್ನು ಎಲ್ಲಿಗೆ ಹೋಗುವುದೆಂಬ ಪ್ರಶ್ನೆ. ಮೊದಲು ಮನೆಯ ವೈದ್ಯರಲ್ಲಿಗೆ ಹೋದರೂ ಸರಿಯೇ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಶಾಕಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ-12 ಜೀವಸತ್ತ್ವದ ಕೊರತೆ, ಇವು ಕೂಡ ಮನಸ್ಸನ್ನು ಕುಗ್ಗಿಸಬಲ್ಲವು, ರಕ್ತಪರೀಕ್ಷೆಯಿಂದ ಗೊತ್ತಾಗುತ್ತವೆ. ಅನಂತರದವರಲ್ಲಿ ಭೇದವನ್ನು ತಿಳಿದಿರಬೇಕು. ಮನೋವೈದ್ಯರು ವೈದ್ಯಶಾಸ್ತ್ರವನ್ನು ಓದಿದವರು, ಔಷಧ ಕೊಡಬಲ್ಲವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತು, ಅಭ್ಯಾಸಗಳ ಮೂಲಕ ಚಿಕಿತ್ಸೆ ನಡೆಸುವರು. ಆಪ್ತಸಮಾಲೋಚಕರು ಸಂಸಾರ, ವಿದ್ಯಾಭ್ಯಾಸ, ಉದ್ಯೋಗಗಳ ತೊಡಕಿನಲ್ಲಿ ದಾರಿ ಕಾಣಲು ನೆರವಾಗುವರು. ಸಮಾಲೋಚಕನೆಂದರೆ ಉಪದೇಶ ಮಾಡುವವನಲ್ಲ, ತೀರ್ಪು ಕೊಡುವವನೂ ಅಲ್ಲ. ಗೊತ್ತಾದ ಹೊತ್ತಿನಲ್ಲಿ ಎದುರು ಕುಳಿತು, ಹೇಳಿದ್ದನ್ನು ಹೊರಗೆ ಬಿಡದೆ ಕೇಳುವವನು. ಫಲಕ ಹಾಕಿದವರೆಲ್ಲರೂ ಕಲಿತವರೆಂದು ನಂಬದೆ ಅವರ ಶಿಕ್ಷಣವೇನೆಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಈ ವಿದ್ಯೆಗೆ ನಮ್ಮ ನಾಡೇ ತವರಾಗಿರುವುದು ಅಭಿಮಾನದ ಸಂಗತಿ. ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಬೆಂಗಳೂರಿನಲ್ಲಿದ್ದ ಹಳೆಯ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1954ರಲ್ಲಿ ಅದರ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರು. ಎರಡೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ಆ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವ್ಯಾಧಿಗೆ ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ಅದೇ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 10 ಮಂದಿಗೆ ಯಾವುದಾದರೊಂದು ಮನೋವ್ಯಾಧಿ ಇರುವುದು ಕಂಡುಬಂದಿತು. ಅಂಥವರಲ್ಲಿ ಚಿಕಿತ್ಸೆ ದೊರೆಯದವರು, ವ್ಯಾಧಿಯ ಬಗೆಗನುಸಾರವಾಗಿ, ನೂರಕ್ಕೆ 70ರಿಂದ 92. ನಮ್ಮ ಸಭಾಂಗಣದಲ್ಲಿ ನೂರು ಜನ ಪಂಕ್ತಿಯಲ್ಲಿ ಕುಳಿತಾಗ ಈ ಲೆಕ್ಕವನ್ನು ಒಮ್ಮೆ ನೆನೆಯಬಹುದು.

ತುಮಕೂರಿನವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವಂತೆ ಸರ್ಕಾರವು ಮನೋಚೈತನ್ಯವೆಂಬ ಮಂಗಳವಾರದ ಚಿಕಿತ್ಸಾಲಯಗಳನ್ನು ಏರ್ಪಡಿಸಿತು; ಗುಬ್ಬಿ, ಕುಣಿಗಲ್ ಕಡೆಯವರು ತಮ್ಮ ಆಸ್ಪತ್ರೆಯಲ್ಲಿ ದಿನವನ್ನು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮನೆಯಿಂದ ಹೊರಡುವುದಕ್ಕೇ ಸಂಕೋಚಪಡುವವರಿಗಾಗಿ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರವು ಟೆಲಿ-ಮಾನಸ್ ಎಂಬ ದೂರವಾಣಿ ಸೇವೆಯನ್ನು ಪ್ರಾರಂಭಿಸಿತು. ಸಂಖ್ಯೆ 14416. ಹಗಲು ರಾತ್ರಿಯೆನ್ನದೆ, ಶುಲ್ಕವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆಯನ್ನು ಬರೆದಿಟ್ಟರೆ ಯಾವ ದೋಷವೂ ಇಲ್ಲ.

ಔಷಧವನ್ನು ಬರೆದುಕೊಟ್ಟರೆ ಹೆದರತಕ್ಕದ್ದಲ್ಲ. ಖಿನ್ನತೆಯ ಔಷಧಗಳು ಗುಣ ತೋರಿಸುವುದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಮೂರೇ ದಿನಕ್ಕೆ ಏನೂ ಆಗಲಿಲ್ಲವೆಂದಾಗಲಿ, ಎರಡು ತಿಂಗಳಿಗೆ ವಾಸಿಯಾಯಿತೆಂದಾಗಲಿ ತಾವಾಗಿಯೇ ನಿಲ್ಲಿಸಕೂಡದು. ನಿದ್ರೆಮಾತ್ರೆಯ ಚಟಕ್ಕೂ ಇವುಗಳಿಗೂ ಸಂಬಂಧವಿಲ್ಲ. ಏಕಾದಶಿ, ಚಾತುರ್ಮಾಸ್ಯಗಳನ್ನು ನಿಷ್ಠೆಯಿಂದ ಆಚರಿಸುವ ನಮ್ಮವರು ಇನ್ನೊಂದನ್ನು ಗಮನಿಸಬೇಕು. ಲಿಥಿಯಂ ಎಂಬ ಔಷಧವನ್ನು ತೆಗೆದುಕೊಳ್ಳುವವರು ನೀರಿಲ್ಲದೆ ಉಪವಾಸ ಮಾಡಿದರೆ ರಕ್ತದಲ್ಲಿ ಅದರ ಪ್ರಮಾಣ ಏರಿ ಅಪಾಯವಾಗಬಹುದು. ಅಂತಹವರು ವೈದ್ಯರನ್ನು ಕೇಳಿಯೇ ವ್ರತವನ್ನು ನಿಶ್ಚಯಿಸತಕ್ಕದ್ದು. ಅಶಕ್ತರಿಗೂ ರೋಗಿಗಳಿಗೂ ಹಿರಿಯರು ವಿನಾಯಿತಿಯನ್ನು ಹೇಳಿಯೇ ಇದ್ದಾರೆ. ಔಷಧದಿಂದ ವ್ರತ ಕೆಡುವುದಿಲ್ಲವೆಂಬ ಮಾತು ಮಹಾಭಾರತದಲ್ಲಿಯೇ ಇದೆ.

ಇದುವರೆಗೆ ಎರಡು ವಾರದ ಗಡುವನ್ನು ಹೇಳಿದೆವು. ಗಡುವೇ ಇಲ್ಲದ ಸಂದರ್ಭವೊಂದಿದೆ. ಬದುಕಿ ಪ್ರಯೋಜನವಿಲ್ಲ, ನಾನು ಹೋದರೆ ಎಲ್ಲರಿಗೂ ನೆಮ್ಮದಿ ಎಂಬ ಮಾತು ಬಾಯಲ್ಲಿ ಬಂದರೆ, ಇಷ್ಟದ ವಸ್ತುಗಳನ್ನು ಒಬ್ಬೊಬ್ಬರಿಗೆ ಕೊಡುತ್ತ ಬಂದರೆ, ಅದೇ ದಿನ, ಅದೇ ಗಳಿಗೆಯಲ್ಲಿ ನೆರವು ಹುಡುಕತಕ್ಕದ್ದು. ಅಮಾವಾಸ್ಯೆ ಕಳೆಯಲಿ, ಪರೀಕ್ಷೆ ಮುಗಿಯಲಿ ಎಂದು ಕಾಯಬಾರದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಕೆಲವರು ಹಿಂಜರಿಯುವರು. ಹಾಗಿಲ್ಲ, ಪ್ರಾಣ ಕಳೆದುಕೊಳ್ಳುವ ಯೋಚನೆ ಬಂದಿದೆಯೇ ಎಂದು ಮೆಲುದನಿಯಲ್ಲಿ ನೇರವಾಗಿ ಕೇಳಿದರೆ ಬಹುಮಂದಿಗೆ ಭಾರ ಇಳಿದಂತಾಗುತ್ತದೆ. ತೋಟಕ್ಕೆ ತಂದ ಕ್ರಿಮಿನಾಶಕವನ್ನೂ ಮನೆಯಲ್ಲಿ ಉಳಿದ ಮಾತ್ರೆಗಳನ್ನೂ ಬೀಗದೊಳಗಿಟ್ಟು, ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸರ ಭಯದಿಂದ ಮುಚ್ಚಿಡುವ ಕಾಲವೂ ಹೋಯಿತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯು, ಪ್ರಾಣತ್ಯಾಗಕ್ಕೆ ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು, ಅವನನ್ನು ದಂಡಿಸದೆ ಶುಶ್ರೂಷೆ ಮಾಡತಕ್ಕದ್ದು ಎಂದು ವಿಧಿಸಿದೆ.

ಸುಂದರಕಾಂಡದ ಪಾರಾಯಣವನ್ನು ನಾವು ವರ್ಷವರ್ಷವೂ ಮಾಡುತ್ತೇವೆ. ಅಶೋಕವನದಲ್ಲಿ ಸೀತೆಯು ಪ್ರಾಣತ್ಯಾಗವನ್ನು ಚಿಂತಿಸುತ್ತಿದ್ದ ಸಂದರ್ಭವು ಅದರಲ್ಲಿದೆ. ಅಲ್ಲಿದ್ದುದು ಸೀತಾಕೃತಿಯೆಂದು ಆಚಾರ್ಯರು ತಾತ್ಪರ್ಯನಿರ್ಣಯದಲ್ಲಿ ತಿಳಿಸಿರುವರು. ಲಕ್ಷ್ಮೀದೇವಿಗೆ ದುಃಖಲೇಶವೂ ಇಲ್ಲವಾದ್ದರಿಂದ ಅದು ಯುಕ್ತವೇ. ಲೋಕದೃಷ್ಟಿಗೆ ನಡೆದುದನ್ನು ನೋಡೋಣ. ಶಿಂಶಪಾವೃಕ್ಷದ ಮೇಲಿದ್ದ ಮುಖ್ಯಪ್ರಾಣನು ಎರಡು ವಿಷಯಗಳನ್ನು ಯೋಚಿಸಿದನು. ಥಟ್ಟನೆ ಎದುರಿಗೆ ಹೋದರೆ ಈಕೆ ಹೆದರುವಳು. ಮಾತನಾಡಿಸದೆ ಹೋದರೆ ಈಕೆ ಬದುಕಲಾರಳು. ಆದಕಾರಣ ಮೊದಲು ಉಪದೇಶವನ್ನಲ್ಲ, ಆಕೆಗೆ ಪ್ರಿಯವಾದ ರಾಮಕಥೆಯನ್ನು ಮಧುರವಾಗಿ ಹೇಳಿದನು. ಆಮೇಲೆ ಇಳಿದು ಬಂದನು. ಆಕೆ ಸಂಶಯಪಟ್ಟಾಗ ಮುನಿಯಲಿಲ್ಲ. ಅಷ್ಟಾದಮೇಲೆ ಉಂಗುರ ಕೊಟ್ಟನು.

ನಮ್ಮವರೊಬ್ಬರನ್ನು ಮಾತನಾಡಿಸುವಾಗಲೂ ಈ ಅನುಕ್ರಮವೇ ಸಾಕು. ನಿನಗೆ ತಲೆ ಸರಿಯಿಲ್ಲ, ನಡೆ ಆಸ್ಪತ್ರೆಗೆ ಎಂದರೆ ಯಾರೂ ಬರುವುದಿಲ್ಲ. ಊಟವಾದಮೇಲೆ ಜಗಲಿಯಲ್ಲಿಯೋ ಮಹಡಿಯಲ್ಲಿಯೋ ಪಕ್ಕದಲ್ಲಿ ಕುಳಿತು, ಈಚೆಗೆ ನೀನು ಸರಿಯಾಗಿ ಮಲಗುತ್ತಿಲ್ಲವಲ್ಲಪ್ಪ, ನೋಡಿ ನನಗೂ ಸಂಕಟವಾಗುತ್ತಿದೆ ಎಂದು ಆರಂಭಿಸಬಹುದು. ಸೊಸೆಗೆ ಅತ್ತೆಯೇ ಕೇಳಿದರೆ ಇನ್ನೂ ಮೇಲು: ಮನೆಕೆಲಸ ಇರಲಿ ಬಿಡಮ್ಮ, ನಾಳೆ ನಾನೂ ಬರುತ್ತೇನೆ, ಇಬ್ಬರೂ ಹೋಗಿ ತೋರಿಸಿಕೊಂಡು ಬರೋಣ. ಮೊದಲನೆಯ ಸಲ ಬೇಡವೆನ್ನುವರು. ನಾಲ್ಕು ದಿನ ಬಿಟ್ಟು ಮತ್ತೆ ಕೇಳುವುದು. ಹೊರಟ ದಿನ ಹಳೆಯ ಚೀಟಿಗಳನ್ನೂ, ಈಗ ನುಂಗುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿಟ್ಟುಕೊಳ್ಳುವುದು. ಜೊತೆಗೆ ಹೋದವರು ಒಳಗೆ ಕರೆದಾಗ ತಾವೇ ಎಲ್ಲವನ್ನೂ ಹೇಳಿಬಿಡದೆ, ಬೇಕೆಂದರೆ ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವುದು. ಹಿಂದಿರುಗುವ ದಾರಿಯಲ್ಲಿ ಡಾಕ್ಟರು ಏನು ಕೇಳಿದರು, ನೀನೇನು ಹೇಳಿದೆ ಎಂದು ಪೀಡಿಸದೆ, ಕಾಫಿ ಕುಡಿದು ಮನೆಗೆ ಬರುವುದು.

॥ ಶ್ರೀಕೃಷ್ಣಾರ್ಪಣಮಸ್ತು ॥